ಕೊಲಿಷನ್ ಕೌಂಟರ್ ಏರುತ್ತಿದೆಯೇ? ಇಥರ್ನೆಟ್ ಡಿಕ್ಕಿಗಳನ್ನು ಓದುವ ಬಗೆ

ನೆಟ್‌ವರ್ಕ್ ನಿಧಾನವಾಗಿದೆ ಎಂಬ ದೂರು ಬರುತ್ತದೆ. ಸ್ವಿಚ್‌ನ ಪೋರ್ಟ್ ವಿವರ ತೆರೆದು ನೋಡಿದರೆ ‘ಕೊಲಿಷನ್ಸ್’ (ಡಿಕ್ಕಿಗಳು) ಎಂಬ ಸಾಲಿನಲ್ಲಿ ಸೊನ್ನೆಯ ಬದಲು ನಾಲ್ಕೈದು ಅಂಕಿಗಳ ಸಂಖ್ಯೆ ಕೂತಿರುತ್ತದೆ. ಇದಕ್ಕೆ ಹೆದರಬೇಕೋ ಬೇಡವೋ? ಸಂಖ್ಯೆಯೊಂದನ್ನೇ ನೋಡಿ ಹೇಳಲು ಆಗುವುದಿಲ್ಲ. ಆ ಪೋರ್ಟ್ ಹಾಫ್ ಡ್ಯೂಪ್ಲೆಕ್ಸ್‌ನಲ್ಲಿ (ಒಂದು ಹೊತ್ತಿಗೆ ಒಬ್ಬರಷ್ಟೇ ಕಳಿಸಬಹುದಾದ ಬಗೆ) ಇದೆಯೇ, ಇದ್ದರೆ ಯಾಕಿದೆ, ಡಿಕ್ಕಿ ಫ್ರೇಮಿನ (ಒಂದು ಸಲಕ್ಕೆ ಕಳಿಸುವ ಮಾಹಿತಿಯ ಕಟ್ಟಿನ) ಶುರುವಿನಲ್ಲಿ ಆಗುತ್ತಿದೆಯೇ ಅಥವಾ ತಡವಾಗಿ ಆಗುತ್ತಿದೆಯೇ ಎಂಬ ಮೂರು ವಿಷಯ ತಿಳಿದರೆ ಉತ್ತರ ತಾನಾಗಿಯೇ ಸಿಗುತ್ತದೆ. ಹಬ್ (ಎಲ್ಲ ಯಂತ್ರಗಳನ್ನೂ ಒಂದೇ ಹಂಚಿಕೊಂಡ ತಂತಿಗೆ ಸೇರಿಸುವ ಪೆಟ್ಟಿಗೆ) ಇರುವ ಹಳೆಯ ಜಾಲದಲ್ಲಿ ಸಾವಿರಾರು ಡಿಕ್ಕಿ ಮಾಮೂಲಿ ಸಂಗತಿ. ಎರಡೂ ಕಡೆಯವರು ಒಟ್ಟಿಗೆ ಕಳಿಸಬಹುದಾದ ಫುಲ್ ಡ್ಯೂಪ್ಲೆಕ್ಸ್ ಸ್ವಿಚ್ ಪೋರ್ಟ್‌ನಲ್ಲಿ ಒಂದೇ ಒಂದು ಕಂಡರೂ ಏನೋ ಎಡವಟ್ಟಾಗಿದೆ ಎಂದರ್ಥ.

ಪರಿಶೀಲನೆ ಮಾಡುವ ಮುಂಚೆ ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ತಿಳಿದಿರಬೇಕು. ಇಲ್ಲದಿದ್ದರೆ ಕೌಂಟರ್‌ಗಳ ಹೆಸರುಗಳೆಲ್ಲ ಒಂದೇ ಥರ ಕಾಣುತ್ತವೆ.

ಡಿಕ್ಕಿ ಹೇಗೆ ಆಗುತ್ತದೆ

1973ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಇಥರ್ನೆಟ್ ಕೆಲಸ ಶುರು ಮಾಡಿದಾಗ ಎಲ್ಲ ಕಂಪ್ಯೂಟರ್‌ಗಳಿಗೂ ಸೇರಿ ಇದ್ದದ್ದು ಒಂದೇ ಕೇಬಲ್. ಯಾರು ಯಾವಾಗ ಕಳಿಸಬೇಕು ಎಂದು ಹೇಳುವ ಯಜಮಾನ ಯಂತ್ರ ಇರಲಿಲ್ಲ. ಇದಕ್ಕೆ ಮುಂಚೆ ಹವಾಯಿ ವಿಶ್ವವಿದ್ಯಾಲಯದ ಅಲೋಹಾನೆಟ್ ಎಂಬ ರೇಡಿಯೋ ಜಾಲ ಒಂದು ದಾರಿ ತೋರಿಸಿತ್ತು. ಕಳಿಸಬೇಕೆನಿಸಿದಾಗ ಕಳಿಸು, ತಲುಪಿತು ಎಂಬ ಉತ್ತರ ಬರದಿದ್ದರೆ ಮನಬಂದಷ್ಟು ಹೊತ್ತು ಕಾದು ಮತ್ತೆ ಕಳಿಸು, ಅಷ್ಟೇ. ಇಥರ್ನೆಟ್ ಇದಕ್ಕೆ ಎರಡು ಅಭ್ಯಾಸ ಸೇರಿಸಿತು. ಕಳಿಸುವ ಮೊದಲು ಕೇಬಲ್‌ಗೆ ಕಿವಿಗೊಡುವುದು ಒಂದು. ಕಳಿಸುತ್ತಿರುವಾಗಲೂ ಕೇಳುತ್ತಲೇ ಇರುವುದು ಇನ್ನೊಂದು. ಈ ವಿಧಾನದ ಹೆಸರೇ ಸಿಎಸ್‌ಎಂಎ/ಸಿಡಿ.

ಮೊದಲೇ ಕೇಳಿಸಿಕೊಂಡ ಮೇಲೂ ಡಿಕ್ಕಿ ಯಾಕೆ ಆಗಬೇಕು? ಸಿಗ್ನಲ್‌ಗೂ ದಾರಿ ಸಾಗಲು ಸಮಯ ಬೇಕು, ಅಲ್ವಾ. ತಾಮ್ರದ ತಂತಿಯಲ್ಲಿ ಅದು ಬೆಳಕಿನ ವೇಗದ ಸುಮಾರು ಮೂರರಲ್ಲಿ ಎರಡು ಭಾಗದಷ್ಟು ವೇಗದಲ್ಲಿ ಹೋಗುತ್ತದೆ. ಈ ತುದಿಯ ಯಂತ್ರ ಕಳಿಸಲು ಶುರು ಮಾಡಿದ್ದು ಆ ತುದಿಗೆ ಇನ್ನೂ ತಲುಪಿರುವುದಿಲ್ಲ. ಆ ತುದಿಯ ಯಂತ್ರ ಕಿವಿಗೊಟ್ಟರೆ ಕೇಬಲ್ ಖಾಲಿ ಇದ್ದಂತೆಯೇ ಕಾಣುತ್ತದೆ. ಅದೂ ಕಳಿಸಲು ಶುರು ಮಾಡುತ್ತದೆ. ಎರಡೂ ಸಿಗ್ನಲ್ ದಾರಿಯಲ್ಲಿ ಬೆರೆತು ಯಾವುದೂ ಓದಲಾಗದಂತೆ ಕೆಡುತ್ತವೆ.

ಡಿಕ್ಕಿ ಗೊತ್ತಾದ ಕೂಡಲೇ ಯಂತ್ರದ ನೆಟ್‌ವರ್ಕ್ ಕಾರ್ಡ್ ತನ್ನ ಫ್ರೇಮ್ ನಿಲ್ಲಿಸುತ್ತದೆ. ಜೊತೆಗೆ 32 ಬಿಟ್‌ಗಳ ಜ್ಯಾಮ್ ಸಿಗ್ನಲ್ ಕಳಿಸುತ್ತದೆ. ಕೇಬಲ್ ಮೇಲಿರುವ ಎಲ್ಲರಿಗೂ ಡಿಕ್ಕಿ ಆಗಿದ್ದು ಖಚಿತವಾಗಿ ಗೊತ್ತಾಗಲಿ ಎಂದು ಈ ಏರ್ಪಾಡು. ಆಮೇಲೆ ಕಾಯುವ ಸರದಿ.

ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ, ಒಟ್ಟಿಗೆ ನಿಲ್ಲಿಸಿ, ಮತ್ತೆ ಒಟ್ಟಿಗೆ ‘ನೀವು ಹೇಳಿ’ ಎನ್ನುವುದು ನೆನಪಿದೆಯಲ್ಲ? ಇಬ್ಬರೂ ಒಂದೇ ಅಳತೆಯ ಹೊತ್ತು ಕಾದರೆ ಈ ಪೇಚಾಟ ಮುಗಿಯುವುದೇ ಇಲ್ಲ. ಆದ್ದರಿಂದ ಪ್ರತಿ ಕಾರ್ಡ್ ತನ್ನಷ್ಟಕ್ಕೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಆರಿಸಿಕೊಳ್ಳುತ್ತದೆ. ಮೊದಲ ಡಿಕ್ಕಿಯ ನಂತರ 0 ಅಥವಾ 1. ಎರಡನೆಯದರ ನಂತರ 0ರಿಂದ 3ರೊಳಗೆ. ಮೂರನೆಯದರ ನಂತರ 0ರಿಂದ 7. ಹೀಗೆ ಪ್ರತಿ ಸಲವೂ ವ್ಯಾಪ್ತಿ ಇಮ್ಮಡಿಯಾಗುತ್ತಾ 1023ಕ್ಕೆ ನಿಲ್ಲುತ್ತದೆ. ಆರಿಸಿದ ಸಂಖ್ಯೆಯಷ್ಟು ‘ಸ್ಲಾಟ್’ಗಳ ಕಾಲ ಕಾಯಬೇಕು. 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್) ಜಾಲದಲ್ಲಿ ಒಂದು ಸ್ಲಾಟ್ ಅಂದರೆ 51.2 ಮೈಕ್ರೋಸೆಕೆಂಡ್.

ಇದರ ಲೆಕ್ಕ ಚೆನ್ನಾಗಿದೆ, ಮಾಡಿ ನೋಡಿ. ಇಬ್ಬರೇ ಇದ್ದರೆ ಮೊದಲ ಡಿಕ್ಕಿಯ ನಂತರ ಮತ್ತೆ ಒಂದೇ ಸಂಖ್ಯೆ ಬರುವ ಸಾಧ್ಯತೆ ಎರಡರಲ್ಲಿ ಒಂದು. ಅದರ ನಂತರ ನಾಲ್ಕರಲ್ಲಿ ಒಂದು, ಆಮೇಲೆ ಎಂಟರಲ್ಲಿ ಒಂದು. ಮೂರೂ ಸಲ ಹಾಗೇ ಆಗುವ ಸಾಧ್ಯತೆ 64ರಲ್ಲಿ ಒಂದು. ಅಂದರೆ ಬಹುತೇಕ ಡಿಕ್ಕಿಗಳು ಕಣ್ಣು ಮಿಟುಕಿಸುವುದರೊಳಗೆ ಬಗೆಹರಿದಿರುತ್ತವೆ, ಬಳಸುವವರಿಗೆ ಗೊತ್ತೂ ಆಗುವುದಿಲ್ಲ. ಅತಿ ಉದ್ದದ ಕಾಯುವಿಕೆ ಕೂಡ 1023 ಸ್ಲಾಟ್, ಸುಮಾರು 52 ಮಿಲಿಸೆಕೆಂಡ್. ಹದಿನಾರು ಸಲ ಯತ್ನಿಸಿಯೂ ಆಗದಿದ್ದರೆ ಕಾರ್ಡ್ ಆ ಫ್ರೇಮನ್ನು ಕೈಬಿಡುತ್ತದೆ. ಕೌಂಟರ್‌ಗಳಲ್ಲಿ ‘ಎಕ್ಸೆಸಿವ್ ಕೊಲಿಷನ್ಸ್’ ಎಂದು ಕಾಣುವುದು ಇದೇ.

64 ಬೈಟ್ ಎಂಬ ಗೆರೆ

ಇಥರ್ನೆಟ್ ಫ್ರೇಮ್ 64 ಬೈಟ್‌ಗಿಂತ ಚಿಕ್ಕದಿರಬಾರದು ಎಂಬ ನಿಯಮ ಹಲವರಿಗೆ ಗೊತ್ತು. ಅದು ಎಲ್ಲಿಂದ ಬಂತು ಎಂಬುದೇ ಈ ವಿಷಯದ ತಿರುಳು. ಇದು ಅರ್ಥವಾದರೆ ಲೇಟ್ ಕೊಲಿಷನ್ ಎಂಬುದು ಯಾಕೆ ಕೆಟ್ಟದ್ದು ಎಂದು ಬಾಯಿಪಾಠ ಮಾಡುವ ಅಗತ್ಯ ಇರುವುದಿಲ್ಲ.

ಕಳಿಸುವ ಯಂತ್ರ ಡಿಕ್ಕಿಯನ್ನು ಗುರುತಿಸುವುದು ತಾನು ಕಳಿಸುತ್ತಿರುವಾಗ ಮಾತ್ರ. ಕಳಿಸಿ ಮುಗಿಸಿದ ಮೇಲೆ ಡಿಕ್ಕಿಯ ಸುದ್ದಿ ಬಂದರೆ ಅದು ತನ್ನ ಫ್ರೇಮಿಗೆ ಆಯಿತೋ ಬೇರೆಯವರದಕ್ಕೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಕೇಬಲ್‌ನ ಆಚೆ ತುದಿಯಲ್ಲಿ ಡಿಕ್ಕಿಯಾಗಿ ಅದರ ಸುದ್ದಿ ಈಚೆ ತುದಿಗೆ ಬರುವವರೆಗೂ ಕಳಿಸುವುದು ಮುಗಿದಿರಬಾರದು. ಹೋಗುವ ಸಮಯ, ಬರುವ ಸಮಯ ಎರಡೂ ಸೇರಬೇಕು. 10 ಎಂಬಿಪಿಎಸ್ ಇಥರ್ನೆಟ್‌ನಲ್ಲಿ ಜಾಲದ ಎರಡು ತುದಿಗಳ ನಡುವೆ ಗರಿಷ್ಠ 2500 ಮೀಟರ್ ಇರಬಹುದು. ಸಿಗ್ನಲ್‌ಗೆ ಮತ್ತೆ ಬಲ ತುಂಬುವ ಮಧ್ಯದ ರಿಪೀಟರ್‌ಗಳು ತಿನ್ನುವ ಸಮಯವನ್ನೂ ಕೂಡಿಸಿ, 512 ಬಿಟ್‌ಗಳ ಕಾಲ ಸಾಕು ಎಂದು ನಿಗದಿ ಮಾಡಿದರು. 512 ಬಿಟ್ ಅಂದರೆ 64 ಬೈಟ್. 51.2 ಮೈಕ್ರೋಸೆಕೆಂಡ್ ಬಂದದ್ದೂ ಇಲ್ಲಿಂದಲೇ.

ವೇಗ 100 ಎಂಬಿಪಿಎಸ್ ಆದಾಗ 64 ಬೈಟ್ ಹಾಗೇ ಉಳಿಯಿತು. ಆದರೆ ಅದನ್ನು ಕಳಿಸಲು ಈಗ 5.12 ಮೈಕ್ರೋಸೆಕೆಂಡ್ ಸಾಕು. ಸಮಯ ಹತ್ತರಲ್ಲಿ ಒಂದಾದರೆ ದೂರವೂ ಕುಗ್ಗಲೇಬೇಕು. 100 ಎಂಬಿಪಿಎಸ್ ಹಬ್‌ಗಳನ್ನು ಬಳಸಿ ತಾಮ್ರದ ಜಾಲ ಕಟ್ಟಿದರೆ ಒಟ್ಟು ಅಳತೆ ಸುಮಾರು 205 ಮೀಟರ್‌ಗೆ ಇಳಿಯುತ್ತದೆ. ಗಿಗಾಬಿಟ್‌ಗೆ ಬಂದಾಗ ಇದೇ ಲೆಕ್ಕದಲ್ಲಿ ಜಾಲ ಒಂದು ಕೋಣೆಯಷ್ಟಕ್ಕೇ ಕುಗ್ಗಿಬಿಡುತ್ತಿತ್ತು. ಅದಕ್ಕೇ ಹಾಫ್ ಡ್ಯೂಪ್ಲೆಕ್ಸ್ ಗಿಗಾಬಿಟ್‌ನಲ್ಲಿ ಸ್ಲಾಟನ್ನು 512 ಬೈಟ್‌ಗೆ ಹಿಗ್ಗಿಸಿದರು. ಕಾಗದದ ಮೇಲೆ ಅದು ಇದೆ, ಬಳಸುವವರನ್ನು ಹುಡುಕುವುದು ಕಷ್ಟ. 10 ಗಿಗಾಬಿಟ್ ಬಂದಾಗ ಹಾಫ್ ಡ್ಯೂಪ್ಲೆಕ್ಸ್ ಗೊಡವೆಯನ್ನೇ ಕೈಬಿಟ್ಟರು.

ಈಗ ಗೆರೆ ಸ್ಪಷ್ಟವಾಯಿತು. ಮೊದಲ 64 ಬೈಟ್‌ಗಳೊಳಗೆ ಆದ ಡಿಕ್ಕಿ ನಿಯಮದ ಒಳಗಿನದು. ಕಾರ್ಡ್ ತಾನೇ ಮತ್ತೆ ಕಳಿಸುತ್ತದೆ. ಅದರ ನಂತರ ಆದದ್ದು ಲೇಟ್ ಕೊಲಿಷನ್. ನಿಯಮ ಸರಿಯಾಗಿ ಪಾಲನೆಯಾಗುತ್ತಿದ್ದರೆ ಅದು ಆಗಲು ಸಾಧ್ಯವೇ ಇಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಎಲ್ಲರಿಗೂ ನಿಮ್ಮ ಸಿಗ್ನಲ್ ಕೇಳಿಸಿರುತ್ತದೆ. ಸಾಮಾನ್ಯವಾಗಿ ಕಾರ್ಡ್ ಇಂಥ ಫ್ರೇಮನ್ನು ಮತ್ತೆ ಕಳಿಸುವುದಿಲ್ಲ, ಬಿಟ್ಟುಬಿಡುತ್ತದೆ. ಕಳೆದುಹೋದದ್ದನ್ನು ಮೇಲಿನ ಹಂತದ ಟಿಸಿಪಿ (ಮಾಹಿತಿ ತಲುಪಿತೇ ಎಂದು ನೋಡಿಕೊಳ್ಳುವ ನಿಯಮಾವಳಿ) ಗಮನಿಸಿ ಮತ್ತೆ ಕಳಿಸಬೇಕು. ಮೈಕ್ರೋಸೆಕೆಂಡ್‌ಗಳಲ್ಲಿ ಮುಗಿಯಬೇಕಿದ್ದ ಕೆಲಸ ಆಗ ನೂರಾರು ಮಿಲಿಸೆಕೆಂಡ್ ಎಳೆಯಬಹುದು. ನೆಟ್‌ವರ್ಕ್ ‘ಜಗ್ಗುತ್ತಿದೆ’ ಎಂಬ ದೂರಿನ ಮೂಲ ಎಷ್ಟೋ ಸಲ ಇದೇ.

ಮೊದಲು ನೋಡಬೇಕಾದ್ದು: ಪೋರ್ಟ್ ಯಾವ ಡ್ಯೂಪ್ಲೆಕ್ಸ್‌ನಲ್ಲಿದೆ

ಫುಲ್ ಡ್ಯೂಪ್ಲೆಕ್ಸ್‌ನಲ್ಲಿ ಎರಡೂ ಕಡೆಯವರು ಒಟ್ಟಿಗೆ ಕಳಿಸಬಹುದು, ಒಟ್ಟಿಗೆ ಪಡೆಯಬಹುದು. ಒಂದು ತುದಿಯಲ್ಲಿ ಸ್ವಿಚ್ ಪೋರ್ಟ್, ಇನ್ನೊಂದು ತುದಿಯಲ್ಲಿ ಒಂದೇ ಯಂತ್ರ. ಹಂಚಿಕೊಳ್ಳುವವರು ಬೇರೆ ಯಾರೂ ಇಲ್ಲ. ಕಿವಿಗೊಡುವುದು, ಕಾಯುವುದು ಎಲ್ಲ ಬಂದ್. ಡಿಕ್ಕಿ ಎಂಬ ಕಲ್ಪನೆಯೇ ಇಲ್ಲಿಲ್ಲ. ಫುಲ್ ಡ್ಯೂಪ್ಲೆಕ್ಸ್ 1997ರಲ್ಲಿ ಮಾನದಂಡದೊಳಗೆ ಬಂತು. ಇಂದು ನಾವು ಬಳಸುವ ಬಹುತೇಕ ಸಂಪರ್ಕಗಳು ಈ ಬಗೆಯವೇ.

ಲಿನಕ್ಸ್‌ನಲ್ಲಿ ‘ಇಥ್‌ಟೂಲ್’ ಎಂದು ಟೈಪ್ ಮಾಡಿ ಇಂಟರ್‌ಫೇಸ್ ಹೆಸರು ಕೊಟ್ಟರೆ ಸ್ಪೀಡ್, ಡ್ಯೂಪ್ಲೆಕ್ಸ್, ಆಟೋ ನೆಗೋಷಿಯೇಷನ್ (ಎರಡೂ ತುದಿಗಳು ತಾವೇ ವೇಗ, ಡ್ಯೂಪ್ಲೆಕ್ಸ್ ಒಪ್ಪಿಕೊಳ್ಳುವುದು) ಮೂರೂ ಸಾಲು ಬರುತ್ತವೆ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್‌ನ ಪ್ರಾಪರ್ಟೀಸ್ ತೆರೆದು ಅಡ್ವಾನ್ಸ್ಡ್ ಟ್ಯಾಬ್‌ಗೆ ಹೋಗಿ. ‘ಸ್ಪೀಡ್ ಅಂಡ್ ಡ್ಯೂಪ್ಲೆಕ್ಸ್’ ಎಂಬ ಆಯ್ಕೆ ಅಲ್ಲಿರುತ್ತದೆ. ಆದರೆ ಇಲ್ಲಿ ಕಾಣುವುದು ನೀವು ಕೊಟ್ಟ ಸೆಟ್ಟಿಂಗ್, ನಿಜವಾಗಿ ಕುದುರಿದ ಒಪ್ಪಂದ ಅಲ್ಲ. ಸಿಸ್ಕೋ ಸ್ವಿಚ್‌ಗಳಲ್ಲಿ ‘ಶೋ ಇಂಟರ್‌ಫೇಸಸ್ ಸ್ಟೇಟಸ್’ ಎಂಬ ಆದೇಶ ಎಲ್ಲ ಪೋರ್ಟ್‌ಗಳನ್ನೂ ಪಟ್ಟಿ ಮಾಡಿ ತೋರಿಸುತ್ತದೆ. ಅದರಲ್ಲಿ ‘ಎ-ಹಾಫ್’ ಎಂದಿರುವ ಸಾಲನ್ನು ಮೊದಲು ಹುಡುಕಿ. ಪೋರ್ಟ್ ಆಟೋನಲ್ಲಿದ್ದು ಹಾಫ್‌ಗೆ ಇಳಿದಿದೆ ಎಂದು ಅದರ ಅರ್ಥ. ಆಚೆ ಕಡೆ ಹಬ್ ಇಲ್ಲದೆ ಹೀಗಾಗಿದ್ದರೆ ನಿಮ್ಮ ತನಿಖೆ ಬಹುಪಾಲು ಮುಗಿದಂತೆಯೇ.

ಎರಡೂ ತುದಿಯನ್ನು ನೋಡಲೇಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಒಂದೇ ತುದಿ ನೋಡಿ ‘ಇಲ್ಲಿ ಫುಲ್ ಇದೆ, ಸರಿಯಾಗಿದೆ’ ಎಂದು ಎದ್ದು ಬಂದರೆ ಅರ್ಧ ಕೆಲಸವೂ ಆಗಿಲ್ಲ.

ಡ್ಯೂಪ್ಲೆಕ್ಸ್ ಹೊಂದಾಣಿಕೆ ತಪ್ಪಿದಾಗ

ಇಂದು ಕೊಲಿಷನ್ ಕೌಂಟರ್ ಏರಲು ಅತಿ ಸಾಮಾನ್ಯ ಕಾರಣ ಇದು. ಒಂದು ಕಡೆ ಫುಲ್, ಇನ್ನೊಂದು ಕಡೆ ಹಾಫ್. ಹೀಗಾಗುವುದರ ಹಿಂದೆ ಸಾಮಾನ್ಯವಾಗಿ ಒಳ್ಳೆಯ ಉದ್ದೇಶವೇ ಇರುತ್ತದೆ. ಯಾರೋ ಒಂದು ಕಡೆಯ ಪೋರ್ಟನ್ನು ‘100 ಫುಲ್’ ಎಂದು ಗಟ್ಟಿಯಾಗಿ ಕಟ್ಟಿಬಿಟ್ಟಿರುತ್ತಾರೆ. ಆಟೋ ನಂಬಿಕೆಗೆ ಅರ್ಹವಲ್ಲ ಎಂಬ ಹಳೆಯ ಮಾತು ಅವರ ತಲೆಯಲ್ಲಿರುತ್ತದೆ. ಇನ್ನೊಂದು ಕಡೆ ಆಟೋ ಆಗಿಯೇ ಉಳಿದಿರುತ್ತದೆ.

ಗಟ್ಟಿಯಾಗಿ ಕಟ್ಟಿದ ಪೋರ್ಟ್ ಸಾಮಾನ್ಯವಾಗಿ ಒಪ್ಪಂದದ ಪಲ್ಸ್‌ಗಳನ್ನು ಕಳಿಸುವುದನ್ನೇ ನಿಲ್ಲಿಸುತ್ತದೆ. ಆಟೋ ಕಡೆಗೆ ಸಿಗ್ನಲ್‌ನ ರೀತಿ ನೋಡಿ ವೇಗ 100 ಎಂದು ತಿಳಿಯುತ್ತದೆ. ಡ್ಯೂಪ್ಲೆಕ್ಸ್ ತಿಳಿಯಲು ಯಾವ ದಾರಿಯೂ ಇಲ್ಲ. ಗೊತ್ತಿಲ್ಲದಿದ್ದರೆ ಹಾಫ್ ಎಂದುಕೊಳ್ಳಬೇಕು ಎಂದು ಮಾನದಂಡ ಹೇಳುತ್ತದೆ. ಆಚೆ ಕಡೆ ಹಬ್ ಇದ್ದರೂ ಇರಬಹುದಲ್ಲ, ಹಾಗಾಗಿ ಅದು ಸರಿಯಾದ ಊಹೆಯೇ. ಲಿಂಕ್ ದೀಪ ಹಸಿರಾಗಿ ಹೊಳೆಯುತ್ತದೆ, ಪಿಂಗ್ (ಚಿಕ್ಕ ಪರೀಕ್ಷಾ ಸಂದೇಶ) ಸಲೀಸಾಗಿ ಹೋಗುತ್ತದೆ. ದೊಡ್ಡ ಫೈಲ್ ಕಳಿಸಲು ಹೋದಾಗ ಎಲ್ಲ ಏರುಪೇರಾಗುತ್ತದೆ.

ಯಾಕೆಂದು ನೋಡಿ. ಹಾಫ್ ಕಡೆಯ ಯಂತ್ರ ಫೈಲ್ ಕಳಿಸುತ್ತಿದೆ ಎಂದುಕೊಳ್ಳೋಣ. ಫುಲ್ ಕಡೆಯವನು ಕಾಯುವುದಿಲ್ಲ. ತಲುಪಿತು ಎಂಬ ಟಿಸಿಪಿ ಉತ್ತರವನ್ನು ಮಧ್ಯದಲ್ಲೇ ಕಳಿಸಿಬಿಡುತ್ತಾನೆ. ಅವನ ಲೆಕ್ಕದಲ್ಲಿ ಅದು ಪೂರ್ತಿ ಸರಿ. ಹಾಫ್ ಕಡೆಯವನಿಗೆ ಅದು ಡಿಕ್ಕಿಯಾಗಿ ಕಾಣುತ್ತದೆ. ಅರ್ಧ ಕಳಿಸಿದ ಫ್ರೇಮ್ ಕತ್ತರಿಸಿ, ಜ್ಯಾಮ್ ಹಾಕಿ, ಬಂದ ಉತ್ತರವನ್ನೂ ಎಸೆದು ಕೂರುತ್ತಾನೆ. ಫುಲ್ ಕಡೆಗೆ ತುಂಡಾದ ಫ್ರೇಮ್ ತಲುಪುತ್ತದೆ. ಅವನ ಕೌಂಟರ್‌ನಲ್ಲಿ ಸಿಆರ್‌ಸಿ ದೋಷವಾಗಿಯೋ (ಫ್ರೇಮ್ ಕೆಟ್ಟಿದೆ ಎಂದು ತಾಳೆ ನೋಡಿ ಗೊತ್ತಾದದ್ದು), 64 ಬೈಟ್‌ಗಿಂತ ಚಿಕ್ಕ ‘ರಂಟ್’ ಆಗಿಯೋ ದಾಖಲಾಗುತ್ತದೆ.

ಇದನ್ನು ಒಂದು ಗುರುತಾಗಿ ನೆನಪಿಡಿ: ಒಂದು ತುದಿಯಲ್ಲಿ ಲೇಟ್ ಕೊಲಿಷನ್, ಇನ್ನೊಂದು ತುದಿಯಲ್ಲಿ ಸಿಆರ್‌ಸಿ ದೋಷ ಮತ್ತು ರಂಟ್. ಈ ಜೋಡಿ ಒಟ್ಟಿಗೆ ಕಂಡರೆ ಡ್ಯೂಪ್ಲೆಕ್ಸ್ ಹೊಂದಾಣಿಕೆ ತಪ್ಪಿದೆ ಎಂದು ಧೈರ್ಯವಾಗಿ ಹೇಳಬಹುದು. ಸಿಸ್ಕೋ ಸಾಧನಗಳು ಎರಡೂ ಕಡೆ ಇದ್ದರೆ ಸಿಡಿಪಿ (ಅವು ಪರಸ್ಪರ ಪರಿಚಯ ಹೇಳಿಕೊಳ್ಳುವ ವ್ಯವಸ್ಥೆ) ಮೂಲಕ ‘ಡ್ಯೂಪ್ಲೆಕ್ಸ್ ಮಿಸ್‌ಮ್ಯಾಚ್’ ಎಂಬ ಎಚ್ಚರಿಕೆ ಲಾಗ್‌ಗೆ ಬರುತ್ತದೆ. ಲಾಗ್ ಓದುವವರು ಕಡಿಮೆ, ಅದು ಬೇರೆ ಮಾತು.

ಸರಿಪಡಿಸಲು ಎರಡೂ ಕಡೆ ಆಟೋ ಇಡಿ. ಈಗಿನ ಸಾಧನಗಳ ಮಟ್ಟಿಗೆ ಇದೇ ಸರಿಯಾದ ದಾರಿ. ತಾಮ್ರದ ಕೇಬಲ್ ಮೇಲೆ ಓಡುವ ಗಿಗಾಬಿಟ್‌ಗಂತೂ ಆಟೋ ನೆಗೋಷಿಯೇಷನ್ ಕಡ್ಡಾಯ, ಅದಿಲ್ಲದೆ ಯಾವ ಕಡೆಯ ಗಡಿಯಾರ ಹಿಡಿದು ನಡೆಯಬೇಕು ಎಂಬುದೇ ತೀರ್ಮಾನವಾಗುವುದಿಲ್ಲ. ತೀರಾ ಹಳೆಯ ಸಾಧನವೊಂದಕ್ಕೆ ಆಟೋ ಬರುವುದೇ ಇಲ್ಲ ಎಂದಾದರೆ ಮಾತ್ರ ಎರಡೂ ಕಡೆ ಒಂದೇ ವೇಗ, ಒಂದೇ ಡ್ಯೂಪ್ಲೆಕ್ಸ್ ಕೈಯಾರೆ ಕಟ್ಟಿ. ಹಾಗೆ ಕಟ್ಟಿದ್ದನ್ನು ಪೋರ್ಟ್ ವಿವರಣೆಯಲ್ಲಿ ಬರೆದಿಡಿ. ಮುಂದೆ ಆ ಸಾಧನ ಬದಲಾದಾಗ ಹೊಸದು ಆಟೋನಲ್ಲಿ ಬರುತ್ತದೆ, ಇದೇ ಕಥೆ ಮತ್ತೆ ಶುರುವಾಗುತ್ತದೆ.

ಆಚೆ ಕಡೆ ನಿಜವಾಗಿಯೂ ಹಬ್ ಇದ್ದರೆ ಪೋರ್ಟನ್ನು ಫುಲ್ ಮಾಡಬೇಡಿ. ಹಬ್ ಅಂದರೆ ಹಂಚಿಕೊಂಡ ತಂತಿಯೇ. ಅಲ್ಲಿ ಹಾಫ್ ಇರುವುದು ಸರಿ, ಡಿಕ್ಕಿ ಆಗುವುದೂ ಸರಿ. ತೊಂದರೆ ಎನಿಸಿದರೆ ಹಬ್ ತೆಗೆದು ಸ್ವಿಚ್ ಹಾಕುವುದೇ ಪರಿಹಾರ.

ಕೌಂಟರ್‌ಗಳನ್ನು ಓದುವಾಗ

ಲಿನಕ್ಸ್‌ನಲ್ಲಿ ‘ಐಪಿ’ ಆದೇಶಕ್ಕೆ ಚಿಕ್ಕ ‘ಎಸ್’ ಆಯ್ಕೆ ಕೊಟ್ಟು ಲಿಂಕ್ ವಿವರ ಕೇಳಿದರೆ ಕಳಿಸಿದ ಲೆಕ್ಕದ ಸಾಲಿನ ಕೊನೆಯಲ್ಲಿ ಕೊಲಿಷನ್ ಸಂಖ್ಯೆ ಇರುತ್ತದೆ. ಇಥ್‌ಟೂಲ್‌ಗೆ ದೊಡ್ಡ ‘ಎಸ್’ ಕೊಟ್ಟರೆ ಇನ್ನೂ ಬಿಡಿಸಿದ ಪಟ್ಟಿ ಸಿಗುತ್ತದೆ, ಹೆಸರುಗಳು ಡ್ರೈವರ್‌ಗೆ ತಕ್ಕಂತೆ ಬದಲಾಗುತ್ತವೆ. ಸ್ವಿಚ್‌ನಲ್ಲಿ ಕಾಣುವ ‘ಡೆಫರ್ಡ್’ ಎಂಬುದು ಡಿಕ್ಕಿ ಅಲ್ಲ. ಕಳಿಸಲು ಹೋದಾಗ ತಂತಿ ಖಾಲಿ ಇರಲಿಲ್ಲ, ಕಾಯಿತು, ಅಷ್ಟೇ. ಹಾಫ್ ಡ್ಯೂಪ್ಲೆಕ್ಸ್‌ನಲ್ಲಿ ಅದು ಸಭ್ಯ ನಡವಳಿಕೆ.

ಒಟ್ಟು ಸಂಖ್ಯೆ ನೋಡಿ ಗಾಬರಿ ಬೀಳಬೇಡಿ. ಯಂತ್ರ ಶುರುವಾದಾಗಿನಿಂದ ಕೂಡಿಕೊಂಡು ಬಂದದ್ದು ಅದು. ಕೌಂಟರ್ ಸೊನ್ನೆ ಮಾಡಿ, ಅಥವಾ ಈಗಿನದನ್ನು ಬರೆದಿಟ್ಟುಕೊಂಡು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಏರುತ್ತಿದೆಯೇ ಎಂಬುದು ಮುಖ್ಯ. ಹಬ್ ಇರುವ ಜಾಲದಲ್ಲಿ ಡಿಕ್ಕಿಗಳನ್ನು ಕಳಿಸಿದ ಫ್ರೇಮ್‌ಗಳ ಜೊತೆ ಹೋಲಿಸಿ. ದಟ್ಟಣೆ ಜಾಸ್ತಿಯಾದಾಗ ಡಿಕ್ಕಿಯೂ ಜಾಸ್ತಿಯಾಗುವುದು ಸಹಜ. ದಟ್ಟಣೆ ಅಷ್ಟೇ ಇದ್ದು ಡಿಕ್ಕಿ ಮಾತ್ರ ಏರಿದರೆ ಅನುಮಾನಿಸಿ.

ಇಲ್ಲಿ ಒಂದು ಹಳೆಯ ನಂಬಿಕೆಯ ವಿಷಯ. ಬಳಕೆ ಶೇಕಡಾ 37 ದಾಟಿದರೆ ಇಥರ್ನೆಟ್ ಕುಸಿಯುತ್ತದೆ ಎಂದು ಹೇಳುವವರು ಇದ್ದರು. ಅದು ಕೆಲವು ಸರಳ ಗಣಿತದ ಮಾದರಿಗಳಿಂದ ಬಂದ ಅಂಕಿ. 1988ರಲ್ಲಿ ಡೇವಿಡ್ ಬಾಗ್ಸ್ ಮತ್ತು ಜೊತೆಗಾರರು ನಿಜವಾದ ಜಾಲವನ್ನೇ ಅಳೆದು ನೋಡಿದರು. ಹಲವು ಯಂತ್ರಗಳು ಒಟ್ಟಿಗೆ ಕಳಿಸುತ್ತಿದ್ದರೂ ಅದಕ್ಕಿಂತ ಎಷ್ಟೋ ಹೆಚ್ಚಿನ ಬಳಕೆ ಸಾಧ್ಯ ಎಂದು ಗೊತ್ತಾಯಿತು, ಫ್ರೇಮ್‌ಗಳು ದೊಡ್ಡದಾಗಿದ್ದಷ್ಟೂ ಒಳ್ಳೆಯದು. ಡಿಕ್ಕಿ ಎಂಬುದಕ್ಕೆ ಸಿಕ್ಕ ಕೆಟ್ಟ ಹೆಸರು ಅದರ ಯೋಗ್ಯತೆಗಿಂತ ಜಾಸ್ತಿ ಎಂಬುದು ನನ್ನ ಅನಿಸಿಕೆ.

ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆದು ಡಿಕ್ಕಿ ಹುಡುಕಲು ಹೋಗಬೇಡಿ, ಸುಮ್ನೆ ಸಮಯ ಹಾಳು. ಡಿಕ್ಕಿಯಲ್ಲಿ ಕೆಟ್ಟ ತುಣುಕುಗಳನ್ನು ಕಾರ್ಡ್ ಕೆಳಗೇ ಎಸೆದುಬಿಡುತ್ತದೆ, ಸಾಫ್ಟ್‌ವೇರ್‌ವರೆಗೂ ಅವು ಬರುವುದೇ ಇಲ್ಲ. ಅಲ್ಲಿ ನಿಮಗೆ ಕಾಣುವುದು ಟಿಸಿಪಿ ಮತ್ತೆ ಮತ್ತೆ ಕಳಿಸಿದ ಪ್ಯಾಕೆಟ್‌ಗಳು, ಅಂದರೆ ಪರಿಣಾಮ ಮಾತ್ರ.

ಡಿಕ್ಕಿ ಅಲ್ಲದ್ದು

ಸ್ವಿಚ್‌ನ ಬಫರ್ (ಫ್ರೇಮ್‌ಗಳನ್ನು ತಾತ್ಕಾಲಿಕವಾಗಿ ಇಡುವ ಜಾಗ) ತುಂಬಿ ಫ್ರೇಮ್ ಬಿದ್ದುಹೋದರೆ ಅದು ಡಿಕ್ಕಿಯಲ್ಲ, ದಟ್ಟಣೆ. ಎರಡು ಸ್ವಿಚ್‌ಗಳ ನಡುವೆ ಸುತ್ತು ಬಿದ್ದು ಬ್ರಾಡ್‌ಕಾಸ್ಟ್ (ಎಲ್ಲರಿಗೂ ಕಳಿಸುವ ಸಂದೇಶ) ಪ್ರವಾಹ ಎದ್ದರೆ ಅದೂ ಅಲ್ಲ. ಎರಡು ಯಂತ್ರಕ್ಕೆ ಒಂದೇ ಐಪಿ ವಿಳಾಸ ಬಿದ್ದದ್ದು ಬೇರೆಯೇ ತಲೆನೋವು. ಸ್ವಿಚ್‌ನ ಪ್ರತಿ ಪೋರ್ಟ್ ತನ್ನದೇ ಡಿಕ್ಕಿ ವಲಯ. ಆದರೆ ಬ್ರಾಡ್‌ಕಾಸ್ಟ್ ವಲಯ ಎಲ್ಲ ಪೋರ್ಟ್‌ಗಳಿಗೂ ಸೇರಿ ಒಂದೇ, ವಿಎಲ್ಯಾನ್ (ಒಂದೇ ಸ್ವಿಚ್‌ನೊಳಗೆ ಬೇರೆ ಬೇರೆ ಜಾಲಗಳು) ಮಾಡಿ ಬೇರ್ಪಡಿಸುವವರೆಗೆ. ವೈಫೈ ಕೂಡ ಹಂಚಿಕೊಂಡ ದಾರಿಯೇ. ಆದರೆ ರೇಡಿಯೋದಲ್ಲಿ ತನ್ನದೇ ಸದ್ದಿನ ನಡುವೆ ಇತರರದ್ದನ್ನು ಕೇಳುವುದು ಕಷ್ಟ, ಹಾಗಾಗಿ ಅದು ಡಿಕ್ಕಿ ಪತ್ತೆ ಮಾಡುವ ಬದಲು ತಪ್ಪಿಸಲು ನೋಡುತ್ತದೆ. ಅದರ ಕೌಂಟರ್‌ಗಳಿಗೆ ಈ ಲೇಖನದ ನಿಯಮ ಹಚ್ಚಬೇಡಿ.

ಹಂಚಿಕೊಂಡ ತಂತಿಯ ಇಥರ್ನೆಟ್ ಸತ್ತೇಹೋಯಿತು ಎಂದುಕೊಳ್ಳುವಂತೆಯೂ ಇಲ್ಲ. ವಾಹನ ಮತ್ತು ಕಾರ್ಖಾನೆಯ ಸಣ್ಣ ಸಾಧನಗಳಿಗಾಗಿ 2019ರಲ್ಲಿ ಬಂದ 10ಬೇಸ್-ಟಿ1ಎಸ್‌ನಲ್ಲಿ ಒಂದೇ ಜೋಡಿ ತಂತಿಗೆ ಹಲವು ಸಾಧನಗಳನ್ನು ಜೋಡಿಸಬಹುದು. ಅಲ್ಲಿ ಡಿಕ್ಕಿ ತಪ್ಪಿಸಲು ಪಿಎಲ್‌ಸಿಎ ಎಂಬ ಸರದಿ ಪದ್ಧತಿ ಇದೆ. ಪ್ರತಿ ಸಾಧನಕ್ಕೂ ಒಂದು ಸಂಖ್ಯೆ, ಅದರ ಸರದಿ ಬಂದಾಗ ಮಾತ್ರ ಕಳಿಸಲು ಅವಕಾಶ. ಆ ಸಂಖ್ಯೆಗಳನ್ನು ತಪ್ಪಾಗಿ ಕೊಟ್ಟು ಎರಡು ಸಾಧನಕ್ಕೆ ಒಂದೇ ಬಿದ್ದರೆ ಡಿಕ್ಕಿ ಮತ್ತೆ ಹಾಜರ್.

ಸರಿಹೋಯಿತೇ ಎಂದು ಖಚಿತಪಡಿಸುವುದು

ಡ್ಯೂಪ್ಲೆಕ್ಸ್ ಸರಿಮಾಡಿದ ಮೇಲೆ ಎರಡೂ ತುದಿಯ ಕೌಂಟರ್ ಸೊನ್ನೆ ಮಾಡಿ. ಪಿಂಗ್ ಮಾಡಿ ತೃಪ್ತಿಪಡಬೇಡಿ, ಅದು ಮೊದಲೂ ಹೋಗುತ್ತಿತ್ತು. ಎರಡೂ ದಿಕ್ಕಿನಲ್ಲಿ ಒಟ್ಟಿಗೆ ಭಾರ ಹಾಕಬೇಕು. ವೇಗ ಅಳೆಯುವ ಐಪರ್ಫ್3 ತಂತ್ರಾಂಶ ಇದ್ದರೆ ಎರಡೂ ಕಡೆಯಿಂದ ಏಕಕಾಲಕ್ಕೆ ಕಳಿಸಿ. ಇಲ್ಲದಿದ್ದರೆ ಒಂದು ದೊಡ್ಡ ಫೈಲನ್ನು ಆಚೆಗೂ ಇನ್ನೊಂದನ್ನು ಈಚೆಗೂ ಒಂದೇ ಸಲ ಕಾಪಿ ಮಾಡಿ. ಆಮೇಲೆ ಕೌಂಟರ್ ನೋಡಿ.

ಎಲ್ಲ ಸೊನ್ನೆ ಇದ್ದರೆ ಕೆಲಸ ಆಯಿತು. ಎರಡೂ ಕಡೆ ಫುಲ್ ಇದ್ದು, ಕೊಲಿಷನ್ ಸೊನ್ನೆ ಇದ್ದು, ಸಿಆರ್‌ಸಿ ದೋಷ ಮಾತ್ರ ಇನ್ನೂ ಏರುತ್ತಿದ್ದರೆ ಅದು ಡಿಕ್ಕಿಯ ಕೇಸೇ ಅಲ್ಲ. ಮೊದಲು ಪ್ಯಾಚ್ ಕೇಬಲ್ ಬದಲಿಸಿ ನೋಡಿ, ಅದು ಅತಿ ಸುಲಭ. ಆಮೇಲೆ ಗೋಡೆಯ ಸಾಕೆಟ್‌ನ ಒಳಗಿನ ಜೋಡಣೆ, ನಂತರ ಸ್ವಿಚ್‌ನ ಬೇರೆ ಪೋರ್ಟ್, ಕೊನೆಗೆ ಕಾರ್ಡ್. ಹಾಫ್ ಡ್ಯೂಪ್ಲೆಕ್ಸ್ ಜಾಲದಲ್ಲಿ ಹೊಂದಾಣಿಕೆ ಸರಿಯಿದ್ದೂ ಲೇಟ್ ಕೊಲಿಷನ್ ನಿಲ್ಲದಿದ್ದರೆ ಕೇಬಲ್ ಉದ್ದ ಅಳೆಯಿರಿ. ತಾಮ್ರದ ಜೋಡಿ ತಂತಿಯಲ್ಲಿ ಒಂದು ಸಂಪರ್ಕಕ್ಕೆ 100 ಮೀಟರ್ ಮಿತಿ. 100 ಎಂಬಿಪಿಎಸ್ ಜಾಲದಲ್ಲಿ ಹಬ್‌ಗೆ ಹಬ್ ಸೇರಿಸುತ್ತಾ ಹೋಗಿ ಒಟ್ಟು ಅಳತೆ 205 ಮೀಟರ್ ದಾಟಿದ್ದರೆ, ಯಾವ ಸೆಟ್ಟಿಂಗ್ ಬದಲಿಸಿದರೂ ಲೇಟ್ ಕೊಲಿಷನ್ ಹೋಗುವುದಿಲ್ಲ. ಮಧ್ಯದ ಒಂದು ಹಬ್ ಕಿತ್ತು ಅಲ್ಲಿ ಸ್ವಿಚ್ ಕೂರಿಸಿ.